ಎಳ್ಳೋ, ಕಡಲೆಕಾಯೋ

ನಮ್ಮ ಫ್ರಿಜ್ ಬಾಗಿಲ ಮೇಲೆ ನಾಲ್ಕು ತಿಂಗಳು ಒಂದು ಚೀಟಿ ಇತ್ತು. ಮೇಲೆ ‘ಪುಟ್ಟಿಗೆ ಬೇಡ’ ಅಂತ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕೆಳಗೆ ಹಾಲು, ಮೊಸರು, ಮೊಟ್ಟೆ, ಗೋಧಿ, ಕಡಲೆಕಾಯಿ, ಎಳ್ಳು, ಕೊಬ್ಬರಿ, ಹುರಿಗಡಲೆ, ಗೋಡಂಬಿ, ಬದನೆಕಾಯಿ, ಟೊಮೆಟೊ, ಬಾಳೆಹಣ್ಣು, ಸೋಯಾ, ಮೀನು. ಒಟ್ಟು 14. ಬೇರೆ ಬೇರೆ ದಿನ, ಕೈಗೆ ಸಿಕ್ಕಿದ ಪೆನ್ನಿನಲ್ಲಿ ಸೇರಿದ್ದು. ಹಾಲು ಬಂದಿದ್ದು ಒಂದು ಲ್ಯಾಬಿನ ರಿಪೋರ್ಟಿನಿಂದ. ಬದನೆಕಾಯಿ ಬಂದಿದ್ದು ‘ಅದು ನಂಜು ಕಣಮ್ಮ’ ಅಂದ ಪಕ್ಕದ ಮನೆಯವರಿಂದ. ಬಾಳೆಹಣ್ಣು ನನ್ನ ಭಯದಿಂದಲೇ ಬಂದಿದ್ದು. ಒಂದು ದಿನ ಅದು ತಿಂದ ಮೇಲೆ ಅವಳ ಕೆನ್ನೆ ಸ್ವಲ್ಪ ಕೆಂಪಗೆ ಕಂಡಿತ್ತು, ಅಷ್ಟೇ.

ಈಗ ಆ ಚೀಟಿ ಇಲ್ಲ. ಅದರ ಅಂಟಿನ ಗುರುತು ಮಾತ್ರ ಬಾಗಿಲ ಮೇಲೆ ಉಳಿದಿದೆ. ಆದರೂ ಅದನ್ನು ನೋಡಿದಾಗೆಲ್ಲ ಯೋಚನೆ ಬರುತ್ತದೆ. ಒಂದು ಪದಾರ್ಥದ ಅಲರ್ಜಿಗೆ ಹೆದರಿ ಮಗಳಿಗೆ ಹದಿನಾಲ್ಕನ್ನು ಬಿಡಿಸಿಬಿಟ್ಟೆವಲ್ಲ. ಬಿಡಿಸಿದವರೆಲ್ಲ ಅವಳ ಮೇಲಿನ ಪ್ರೀತಿಗೇ ಬಿಡಿಸಿದ್ದು. ಅದಕ್ಕೇ ಯಾರನ್ನೂ ಬೈಯಲಾಗುವುದಿಲ್ಲ. ಅದಕ್ಕೇ ಮರೆಯಲೂ ಆಗುವುದಿಲ್ಲ.

ಎಲಚಿ ಹಣ್ಣು ಎರೆದ ಸಂಜೆ

ಸಂಕ್ರಾಂತಿಗೆ ಪುಟ್ಟಿಗೆ ಒಂದು ವರ್ಷ ನಾಲ್ಕು ತಿಂಗಳು. ಹಸಿರು ರೇಷ್ಮೆ ಲಂಗ ಹೊಲಿಸಿದ್ದೆವು. ಸಂಜೆ ಅತ್ತೆ ಅವಳನ್ನು ಮಣೆ ಮೇಲೆ ಕೂರಿಸಿ, ಪಾವಿನಲ್ಲಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು, ಸೇವಂತಿಗೆ ಎಸಳು ತುಂಬಿಕೊಂಡು ತಲೆ ಮೇಲೆ ಎರೆದರು. ಕಾಸು ಉರುಳಿದ ಕಡೆಗೆಲ್ಲ ಇವಳು ಕೈ ಚಾಚಿ ನಗುತ್ತಿದ್ದಳು. ಅಕ್ಕಪಕ್ಕದ ಮನೆಯವರು ಬಂದಿದ್ದರು. ಆರತಿ ಆಯಿತು.

ಅವಳಿಗೆ ಆಗ ಇದ್ದಿದ್ದು ಎಂಟು ಹಲ್ಲು. ಎಳ್ಳು ಬೆಲ್ಲವನ್ನು ಹಾಗೇ ಕೊಟ್ಟರೆ ಕಡಲೆಕಾಯಿ ಗಂಟಲಿಗೆ ಸಿಕ್ಕಿಕೊಂಡೀತು ಅಂತ ಅತ್ತೆ ಮೊದಲೇ ಒಂದು ಹಿಡಿ ಬೇರೆ ತೆಗೆದಿಟ್ಟಿದ್ದರು. ಅದನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಬೆಲ್ಲದ ಅಂಟಿಗೇ ಗೋಲಿಯಷ್ಟು ಉಂಡೆ ಕಟ್ಟಿದ್ದರು. ಪುಟ್ಟಿ ಎರಡು ತಿಂದಳು. ಮೂರನೆಯದಕ್ಕೆ ಬಾಯಿ ತೆರೆದಳು.

ಮೊದಲು ಮುಂಗೈಯಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಕಿವಿ ಎಳೆದುಕೊಂಡಳು. ನಾನು ನಿದ್ದೆ ಬಂತೇನೋ ಅಂದುಕೊಂಡು ಎತ್ತಿಕೊಂಡೆ. ದೀಪದ ಬೆಳಕಿಗೆ ಹಿಡಿದರೆ ಕತ್ತಿನ ಸುತ್ತ ಕೆಂಪು ದದ್ದು. ನೋಡುತ್ತಿದ್ದಂತೆ ಒಂದಕ್ಕೊಂದು ಕೂಡಿಕೊಂಡು ರೂಪಾಯಿ ಅಗಲ ಆದವು. ಎಡಗಣ್ಣು ಊದಿ ಮುಚ್ಚಿಕೊಳ್ಳುತ್ತಾ ಬಂತು. ಎರಡು ಸಲ ಕೆಮ್ಮಿ, ಹೊಸ ಲಂಗದ ಮೇಲೆ ವಾಂತಿ ಮಾಡಿದಳು.

‘ದೃಷ್ಟಿ ಆಗಿದೆ, ಉಪ್ಪು ನಿವಾಳಿಸಿ’ ಅಂದರು ಒಬ್ಬರು. ‘ಪಿತ್ತದ ಗಂಧೆ, ಕಂಬಳಿ ಹೊದೆಸಿ’ ಅಂದರು ಇನ್ನೊಬ್ಬರು. ಅತ್ತೆ ಹಿತ್ತಲಿಗೆ ಓಡಿ ದೊಡ್ಡಪತ್ರೆ ಕಿತ್ತು, ಅಂಗೈಯಲ್ಲೇ ಹಿಸುಕಿಕೊಂಡು ಬಂದರು. ಆ ಹಸಿರು ರಸ ಅವರ ಬೆರಳಿನಿಂದ ಬಳೆಗೆ ಇಳಿಯುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟರಲ್ಲಿ ಇವರು ಕಾರು ತೆಗೆದಿದ್ದರು. ಹತ್ತಿರದ ಆಸ್ಪತ್ರೆಗೆ ಹೋದೆವು, ಇಂಜೆಕ್ಷನ್ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ದದ್ದು ಇಳಿಯಿತು, ಮಗು ನನ್ನ ಭುಜದ ಮೇಲೇ ಮಲಗಿತು.

ಆಗಿದ್ದು ಏನು ಅಂತ ನನಗೆ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ. ಬರೀ ಚರ್ಮದ ದದ್ದು ಆಗಿದ್ದರೆ ಒಂದು ಲೆಕ್ಕ. ದದ್ದಿನ ಜೊತೆ ವಾಂತಿಯೋ, ಕೆಮ್ಮೋ, ಉಸಿರಾಟದ ತೊಂದರೆಯೋ ಸೇರಿತು ಅಂದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಅದಕ್ಕೆ ಮೊದಲ ಔಷಧಿ ಅಡ್ರಿನಲಿನ್. ಸೆಟ್ರಿಜಿನ್ ಸಿರಪ್ ತುರಿಕೆ ಇಳಿಸುತ್ತದೆ, ಅಷ್ಟೇ. ಉಸಿರು ಕಟ್ಟುವುದನ್ನು ಅದು ತಡೆಯುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಇದೊಂದನ್ನು ಗೊತ್ತು ಮಾಡಿಕೊಂಡಿರಬೇಕು ಅಂತ ನನಗೆ ಅನ್ನಿಸುತ್ತದೆ. ನಮಗೆ ಗೊತ್ತಿರಲಿಲ್ಲ.

ಬಣ್ಣದ ರಿಪೋರ್ಟು

ಆಸ್ಪತ್ರೆಯಿಂದ ಹೊರಡುವಾಗ ‘ಯಾವುದರ ಮೇಲೆ ಅನುಮಾನ ಇದೆಯೋ ಅದನ್ನೆಲ್ಲ ನಿಲ್ಲಿಸಿ’ ಅಂದರು. ನಮಗೆ ಎಲ್ಲದರ ಮೇಲೂ ಅನುಮಾನ. ಎಳ್ಳು ಬೆಲ್ಲದಲ್ಲಿ ಐದು ಪದಾರ್ಥ ಇರುತ್ತದಲ್ಲ. ಬೆಲ್ಲ ಒಂದನ್ನು ಬಿಟ್ಟು ಉಳಿದ ನಾಲ್ಕೂ ಅವತ್ತೇ ಚೀಟಿಗೆ ಹೋದವು. ಜಾಸ್ತಿ ಅನುಮಾನ ಕಡಲೆಕಾಯಿ ಮೇಲೆ, ಯಾಕೆಂದರೆ ಎಲ್ಲರೂ ಕೇಳಿರುವುದು ಅದರ ಹೆಸರನ್ನೇ. ಎಳ್ಳು ಇರಲಾರದು ಅಂತ ನಾವೇ ತೀರ್ಮಾನ ಮಾಡಿದ್ದೆವು. ದೀಪಾವಳಿಗೆ ಎಳ್ಳು ಹಾಕಿದ ಚಕ್ಕುಲಿ ಚೀಪಿದ್ದಳು, ಆಗ ಏನೂ ಆಗಿರಲಿಲ್ಲ.

ಆಮೇಲೆ ನೆಂಟರೊಬ್ಬರು ಹೇಳಿದರು ಅಂತ ರಕ್ತ ಕೊಟ್ಟು ದೊಡ್ಡದೊಂದು ಪರೀಕ್ಷೆ ಮಾಡಿಸಿದೆವು. ಹತ್ತಾರು ಆಹಾರದ ಹೆಸರು, ಪಕ್ಕದಲ್ಲಿ ಕೆಂಪು, ಹಳದಿ, ಹಸಿರು ಪಟ್ಟಿ. ಕೆಂಪಿದ್ದದ್ದನ್ನೆಲ್ಲ ಬಿಡಿಸಿದೆ. ಹಾಲು ಹೋಯಿತು, ಗೋಧಿ ಹೋಯಿತು, ಮೊಟ್ಟೆ ಹೋಯಿತು. ಉಳಿದಿದ್ದು ಅನ್ನ, ತೊಗರಿಬೇಳೆ ಕಟ್ಟು, ನೀರಲ್ಲಿ ಕಾಯಿಸಿದ ರಾಗಿ ಸರಿ, ನಮ್ಮೂರು ಹಾಸನದ ಆಲೂಗಡ್ಡೆ. ತುಪ್ಪವನ್ನೂ ಬಿಟ್ಟೆವು. ಜನವರಿಯಲ್ಲಿ 9 ಕೆಜಿ 800 ಗ್ರಾಂ ಇದ್ದವಳು ಏಪ್ರಿಲ್‌ನಲ್ಲಿ 9 ಕೆಜಿ 400 ಗ್ರಾಂ. ಆ ವಯಸ್ಸಿಗೆ ತೂಕ ಏರಬೇಕು.

ಆ ದಿನಗಳಲ್ಲಿ ಒಂದು ಸಂಜೆ ಮಹಾರಾಜ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಗೇಟಿನ ಹತ್ತಿರ ಹುರಿದ ಕಡಲೆಕಾಯಿ ಮಾರುತ್ತಿದ್ದರು. ಆ ವಾಸನೆಗೆ ಅವಳು ತಿರುಗಿ ‘ತಾ’ ಅಂತ ಕೈ ಚಾಚಿದಳು. ನಾನು ಸೆರಗಿನಿಂದ ಅವಳ ಮುಖ ಮುಚ್ಚಿಕೊಂಡು ಓಡಿದಂತೆ ದಾಟಿದೆ. ಅವಳು ಆಟ ಅಂದುಕೊಂಡು ಸೆರಗಿನೊಳಗೆ ನಕ್ಕಳು. ಮನೆಗೆ ಬಂದು ನಾನು ಅತ್ತುಬಿಟ್ಟೆ.

ಇದನ್ನೆಲ್ಲ ನೋಡಿ ನಮ್ಮ ಮಾಮೂಲಿ ಮಕ್ಕಳ ಡಾಕ್ಟರು ಸ್ವಲ್ಪ ಗದರಿಸಿಯೇ ಹೇಳಿದರು: ‘ಹೀಗೆ ಊಹೆ ಮೇಲೆ ಊಟ ಬಿಡಿಸಬಾರದು. ಅಲರ್ಜಿ ಡಾಕ್ಟರ ಹತ್ತಿರ ಹೋಗಿ.’ ಅಂಥವರೊಬ್ಬರು ತಿಂಗಳಿಗೆ ಎರಡು ಸಲ ಹಾಸನಕ್ಕೆ ಬರುತ್ತಿದ್ದರು. ಫೋನು ಮಾಡಿದಾಗ ಅವರ ಕಡೆಯವರು ಎರಡು ಮಾತು ಹೇಳಿದರು. ಒಂದು, ಸೆಟ್ರಿಜಿನ್ ಥರದ ಸಿರಪ್ಪನ್ನು ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ಇನ್ನೊಂದು, ಅನುಮಾನ ಇರುವ ಪದಾರ್ಥಗಳನ್ನು ಮನೆಯಿಂದಲೇ ಬೇರೆ ಬೇರೆ ಡಬ್ಬಿಯಲ್ಲಿ ತರಬೇಕು.

ಅತ್ತೆಯ ಲೆಕ್ಕ

ಅತ್ತೆ ನಾನೂ ಬರುತ್ತೇನೆ ಅಂದರು. ಸಂಕ್ರಾಂತಿಯಿಂದ ಅವರು ಪುಟ್ಟಿಗೆ ತಮ್ಮ ಕೈಯಾರೆ ಒಂದು ತುತ್ತೂ ತಿನ್ನಿಸಿರಲಿಲ್ಲ. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಊಟದ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನನಗೂ ಅದು ಕಾಣುತ್ತಿತ್ತು. ನಾನೂ ಸುಮ್ಮನಿದ್ದೆ.

ಡಾಕ್ಟರಮ್ಮ ನಾನು ಕೊಟ್ಟ ಬಣ್ಣದ ರಿಪೋರ್ಟನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟರು. ‘ಇದು ರಕ್ತದಲ್ಲಿರೋ ಐಜಿಜಿ ಅನ್ನೋ ಪ್ರತಿಕಾಯದ ಪರೀಕ್ಷೆ. ಮಗು ಇದನ್ನೆಲ್ಲ ತಿಂದಿದೆ ಅಂತ ಹೇಳುತ್ತೆ, ಅಷ್ಟೇ. ಅಲರ್ಜಿ ಇದೆಯಾ ಅಂತ ಹೇಳೋದಿಲ್ಲ. ಅಲರ್ಜಿಗೆ ನೋಡಬೇಕಾದ್ದು ಐಜಿಇ ಅನ್ನೋ ಇನ್ನೊಂದು ಪ್ರತಿಕಾಯ’ ಅಂದರು. ಆಮೇಲೆ ಪೆನ್ನು ತೆಗೆದುಕೊಂಡು ‘ಅವತ್ತು ಏನಾಯ್ತು, ಮೊದಲಿಂದ ಹೇಳಿ’ ಅಂದರು.

ನಾನು ದದ್ದಿನಿಂದ ಶುರು ಮಾಡಿದೆ. ಅವರು ಅದಕ್ಕಿಂತ ಹಿಂದಕ್ಕೆ ಹೋದರು. ತಿಂದ ಎಷ್ಟು ನಿಮಿಷಕ್ಕೆ? ನನಗೆ ತಿಳಿಯಲಿಲ್ಲ, ಅರ್ಧ ಗಂಟೆ ಇರಬಹುದು ಅಂದೆ. ಆಗ ಅತ್ತೆ ಬಾಯಿ ತೆರೆದರು.

‘ಇಲ್ಲ ಡಾಕ್ಟರೇ. ಎರಡನೇ ಉಂಡೆ ಬಾಯಿಗಿಟ್ಟೆ. ಕೈ ತೊಳೆದೆ. ಪಕ್ಕದ ಮನೆಯವರಿಗೆ ಎಳ್ಳು ಬೆಲ್ಲದ ಪೊಟ್ಟಣ, ಕಬ್ಬು, ಸಕ್ಕರೆ ಅಚ್ಚು ಕೊಟ್ಟೆ. ಕುಂಕುಮ ಇಟ್ಟೆ. ಒಳಗೆ ಹಾಲು ಉಕ್ಕುತ್ತಿತ್ತು, ಹೋಗಿ ಒಲೆ ಆರಿಸಿ ಬಂದೆ. ಬರೋ ಅಷ್ಟರಲ್ಲಿ ಮಗು ಬಾಯಿ ಉಜ್ಜಿಕೊಳ್ತಿತ್ತು.’

ಡಾಕ್ಟರಮ್ಮ ಬರೆದುಕೊಂಡರು: 10 ನಿಮಿಷ. ‘ಅಜ್ಜಿ, ಅದಕ್ಕೆ ಮುಂಚೆ ಕಡಲೆಕಾಯಿ ಯಾವತ್ತಾದರೂ ತಿಂದಿತ್ತಾ?’

‘ಹಿಂದಿನ ದಿನವೇ ದೋಸೆ ಮಾಡಿದ್ದೆ. ಕಡಲೆಕಾಯಿ ಚಟ್ನಿ. ತಟ್ಟೆ ನೆಕ್ಕಿತ್ತು. ವಾರಕ್ಕೆ ಎರಡು ಸಲನಾದ್ರೂ ತಿಂತಿತ್ತು.’

ನಾನು ಅತ್ತೆಯ ಮುಖ ನೋಡಿದೆ. ನನಗೆ ಆ ದೋಸೆ ಮರೆತೇ ಹೋಗಿತ್ತು. ನಾಲ್ಕು ತಿಂಗಳು ನಾನು ಹೆದರಿದ್ದು ಅವಳು ವಾರಕ್ಕೆರಡು ಸಲ ತಿನ್ನುತ್ತಿದ್ದ ಪದಾರ್ಥಕ್ಕೆ.

ಹಾಗಾದರೆ ಚಕ್ಕುಲಿಯ ಎಳ್ಳು? ಅದನ್ನೂ ಕೇಳಿದೆ. ಡಾಕ್ಟರಮ್ಮ ನಮ್ಮ ಡಬ್ಬಿಯಿಂದ ಒಂದು ಎಳ್ಳು ತೆಗೆದು ಉಗುರಿನ ಮೇಲಿಟ್ಟು ತೋರಿಸಿದರು. ಇಡೀ ಎಳ್ಳು ಜಗಿಯದೆ ಹೊಟ್ಟೆಗೆ ಹೋದರೆ ಎಷ್ಟೋ ಸಲ ಹಾಗೇ ಹೊರಗೆ ಬಂದುಬಿಡುತ್ತದಂತೆ, ಸಿಪ್ಪೆಯೊಳಗಿನ ಪ್ರೋಟೀನು ಮೈಗೆ ಸಿಗುವುದೇ ಇಲ್ಲ. ಚಕ್ಕುಲಿ ಚೀಪಿದ ಮಗು ನಾಲ್ಕಾರು ಎಳ್ಳು ನುಂಗಿರಬಹುದು. ಕುಟ್ಟಿ ಪುಡಿ ಮಾಡಿದಾಗ ಪೂರ್ತಿ ಸಿಕ್ಕಿತು.

‘ಅಂದ್ರೆ ನಾನು ಕುಟ್ಟಿದ್ದಕ್ಕೇ ಆಯ್ತು’ ಅಂದರು ಅತ್ತೆ. ನಾಲ್ಕು ತಿಂಗಳು ಎದೆಯೊಳಗೆ ಇಟ್ಟುಕೊಂಡಿದ್ದ ಮಾತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ‘ಅಜ್ಜಿ, ಈ ವಯಸ್ಸಿನ ಮಗುವಿಗೆ ಇಡೀ ಕಡಲೆಕಾಯಿ ಕೊಡಲೇಬಾರದು. ಉಸಿರಿನ ಕೊಳವೆಗೆ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತೆ. ನೀವು ಕುಟ್ಟಿ ಕೊಟ್ಟಿದ್ದು ಸರಿಯಾಗೇ ಇತ್ತು. ಎಳ್ಳು ಆಗಲ್ಲ ಅಂತ ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ.’

ಅತ್ತೆ ತಲೆ ಬಗ್ಗಿಸಿ ಸೆರಗಿನ ಅಂಚನ್ನು ಮಡಿಸುತ್ತಾ ಕೂತರು. ಪುಟ್ಟಿ ಅವರ ಮೊಣಕಾಲು ಹಿಡಿದುಕೊಂಡು ನಿಂತಿದ್ದಳು.

ಬೆನ್ನ ಮೇಲಿನ ಚುಕ್ಕಿಗಳು

ಪರೀಕ್ಷೆಯ ಬಗ್ಗೆ ನನಗೆ ತುಂಬ ಭಯ ಇತ್ತು. ನೋಡಿದರೆ ಅದು ಸಣ್ಣ ಕೆಲಸ. ಪುಟ್ಟಿಯನ್ನು ನನ್ನ ಎದೆಗೆ ಒರಗಿಸಿ ಹಿಡಿದುಕೊಳ್ಳಲು ಹೇಳಿದರು. ಬೆನ್ನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ಇಟ್ಟರು, ಚುಕ್ಕಿ ರಂಗೋಲಿಗೆ ಇಟ್ಟ ಹಾಗೆ. ಹನಿಯ ಮೇಲೆ ಸಣ್ಣ ಮುಳ್ಳಿನಂಥದ್ದರಿಂದ ಒಮ್ಮೆ ಚುಚ್ಚಿದರು. ರಕ್ತ ಬರಲಿಲ್ಲ. ಎಳ್ಳಿಗೆ ಮಾತ್ರ ಬಾಟಲಿಯ ಹನಿಯ ಜೊತೆ ನಮ್ಮ ಡಬ್ಬಿಯ ಎಳ್ಳನ್ನೂ ಅರೆದು ಬಳಸಿದರು. ಎಳ್ಳಿನ ಕೆಲವು ಪ್ರೋಟೀನು ಎಣ್ಣೆಗೆ ಅಂಟಿಕೊಂಡಿರುತ್ತವೆ, ಬಾಟಲಿಯ ನೀರಿನ ದ್ರಾವಣದಲ್ಲಿ ಅವು ಸಿಗದೆ ಇರಬಹುದು ಅಂತ. ಎರಡು ಹನಿ ಆಹಾರದ್ದಲ್ಲ. ಒಂದು ಹಿಸ್ಟಮಿನ್, ಅಂದರೆ ಅಲರ್ಜಿ ಆದಾಗ ಊತ ತರುವ ರಾಸಾಯನಿಕ, ಅದು ಊದಲೇಬೇಕು. ಇನ್ನೊಂದು ಉಪ್ಪುನೀರು, ಅದು ಊದಬಾರದು. ಈ ಎರಡು ಸರಿ ಇದ್ದರೆ ಮಾತ್ರ ಉಳಿದದ್ದನ್ನು ನಂಬಬಹುದು.

ಆಮೇಲೆ 15 ನಿಮಿಷ ಕಾಯಬೇಕು. ಅವಳ ಬೆನ್ನು ನನಗೆ ಕಾಣುತ್ತಿರಲಿಲ್ಲ, ಎದುರು ಕೂತ ಅತ್ತೆಗೆ ಕಾಣುತ್ತಿತ್ತು. ಅವರ ಮುಖವನ್ನೇ ನೋಡುತ್ತಿದ್ದೆ. ಏಳೆಂಟು ನಿಮಿಷಕ್ಕೆ ಅವರ ಹುಬ್ಬು ಗಂಟಾಯಿತು. ‘ಆ ಊದಲೇಬೇಕಾದ್ದು ಬಿಟ್ಟು ಇನ್ನೊಂದು ಎದ್ದಿದೆ ಕಣೇ’ ಅಂದರು. ‘ಯಾವುದು?’ ‘ನಂಗೇನು ಗೊತ್ತು, ಕೆಳಗಿಂದ ಎರಡನೇದು. ಉಳಿದಿದ್ದೆಲ್ಲ ಇನ್ನೂ ಸುಮ್ನಿದೆ.’ ಆ ಕೊನೆಯ ಮಾತು ಕೇಳಿ ನನ್ನ ಕೈ ಸಡಿಲವಾಯಿತು. ಅಷ್ಟು ಹೊತ್ತು ಮಗುವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂತ ಆಗಲೇ ಗೊತ್ತಾಗಿದ್ದು.

ಪಾರದರ್ಶಕ ಸ್ಕೇಲು ಇಟ್ಟು ಅಳೆದರು. ಅರೆದ ಎಳ್ಳು 8 ಮಿಲಿಮೀಟರ್. ಹಾಲು, ಮೊಟ್ಟೆ, ಗೋಧಿ, ಸೋಯಾ, ಗೋಡಂಬಿ, ಮೀನು, ಕೊಬ್ಬರಿ, ಹುರಿಗಡಲೆ ಏನೂ ಇಲ್ಲ. ಕಡಲೆಕಾಯಿ ಮಾತ್ರ 4. ಸಾಮಾನ್ಯವಾಗಿ ಉಪ್ಪುನೀರಿನದಕ್ಕಿಂತ 3 ಮಿಲಿಮೀಟರ್ ಜಾಸ್ತಿ ಊದಿದರೆ ಪಾಸಿಟಿವ್ ಅನ್ನುತ್ತಾರೆ. ನನ್ನ ಎದೆ ಮತ್ತೆ ಧಸಕ್ ಅಂತು.

ಆಗ ಅವರು ಹೇಳಿದ್ದನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡಿದ್ದೇನೆ. ಚರ್ಮ ಊದಿತು ಅಂದರೆ ಮೈಯಲ್ಲಿ ಆ ಪದಾರ್ಥದ ವಿರುದ್ಧ ಐಜಿಇ ಇದೆ ಅಂತ ಅರ್ಥ. ತಿಂದರೆ ತೊಂದರೆ ಆಗುತ್ತದೆ ಅಂತ ಅರ್ಥವಲ್ಲ. ಊದಲಿಲ್ಲ ಅಂದರೆ ಆ ಥರದ ಅಲರ್ಜಿ ಇಲ್ಲ ಅಂತ ಬಹುಮಟ್ಟಿಗೆ ನಂಬಬಹುದು. ಅದಕ್ಕೇ ತಿಂದಾಗ ಏನಾಯಿತು ಅನ್ನುವ ಕಥೆ ಮೊದಲು, ಪರೀಕ್ಷೆ ಆಮೇಲೆ. ಎಳ್ಳಿನ ವಿಷಯದಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ಕಡಲೆಕಾಯಿಯ ವಿಷಯದಲ್ಲಿ ಪರೀಕ್ಷೆ ಹೌದು ಅನ್ನುತ್ತಿದೆ, ಅಜ್ಜಿಯ ದೋಸೆ ಇಲ್ಲ ಅನ್ನುತ್ತಿದೆ. ‘ನಾನು ದೋಸೆಯನ್ನು ನಂಬ್ತೀನಿ. ಆದರೆ ನಾಲ್ಕು ತಿಂಗಳು ಬಿಟ್ಟಿದ್ದೀರಿ. ಅದಕ್ಕೆ ಆಸ್ಪತ್ರೆಯಲ್ಲೇ ಕೂತು ತಿನ್ನಿಸೋಣ’ ಅಂದರು.

ಬದನೆಕಾಯಿ, ಟೊಮೆಟೊ, ಬಾಳೆಹಣ್ಣನ್ನು ಪರೀಕ್ಷೆ ಮಾಡಲೂ ಇಲ್ಲ. ಅವುಗಳಿಗೆ ಕಥೆಯೇ ಇರಲಿಲ್ಲ.

ಹೊರಗಿನ ದೇಶಗಳಲ್ಲೂ ನಮ್ಮ ಚೀಟಿಯಂಥ ಭಯ ಒಂದು ಕಾಲಕ್ಕೆ ನಿಯಮವೇ ಆಗಿತ್ತಂತೆ. 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರ ಸಂಘ, ಅಲರ್ಜಿಯ ಸಂಭವ ಇರುವ ಮಕ್ಕಳಿಗೆ ಮೂರು ವರ್ಷದ ತನಕ ಕಡಲೆಕಾಯಿ ಬೇಡ ಅಂದಿತ್ತು. 2008ರಲ್ಲಿ ಅದನ್ನು ಕೈಬಿಟ್ಟರು. 2015ರಲ್ಲಿ ಲಂಡನ್ನಿನ ಗಿಡಿಯೋನ್ ಲ್ಯಾಕ್ ಅವರ ತಂಡ 640 ಮಕ್ಕಳ ಅಧ್ಯಯನ ಪ್ರಕಟಿಸಿತು. ಹುಟ್ಟಿದ ವರ್ಷದಿಂದಲೇ ಕಡಲೆಕಾಯಿ ತಿನ್ನಿಸಿದ ಮಕ್ಕಳಲ್ಲಿ, ಐದು ವರ್ಷದ ಹೊತ್ತಿಗೆ ಆ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆ ಇತ್ತು. ಇದನ್ನು ಹೇಳಿದಾಗ ಅತ್ತೆ ‘ಹಂಗಾದ್ರೆ ಚಟ್ನಿ ತಿನ್ನಿಸಿದ್ದು ಒಳ್ಳೇದೇ ಆಯ್ತು’ ಅಂದರು. ಡಾಕ್ಟರಮ್ಮ ತಲೆಯಾಡಿಸಿದರು.

ಮನೆಗೆ ಬಂದವಳೇ ಚೀಟಿಯಲ್ಲಿ ಒಂದೊಂದೇ ಹೊಡೆದುಹಾಕಿದೆ. ರಾತ್ರಿ ಮೊಸರನ್ನ ಕಲಸಿದೆ. ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಏನೂ ಕೇಳದೆ ತೆಗೆದುಕೊಂಡು, ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡರು.

ಎಳ್ಳು ಇಲ್ಲದ ಊರು ಯಾವುದು

ಒಂದೇ ಒಂದು ಬಿಡಬೇಕು ಅಂದಾಗ ಹಗುರಾಯಿತು. ಆದರೆ ಆ ಒಂದು ಎಳ್ಳು ಅಂದರೆ, ಅದು ಎಲ್ಲೆಲ್ಲಿ ಇರುತ್ತದೆ ಅನ್ನುವುದು ನಿಧಾನವಾಗಿ ಗೊತ್ತಾಗುತ್ತಾ ಹೋಯಿತು. ಪುಳಿಯೋಗರೆ ಗೊಜ್ಜು, ಚಿಗಳಿ, ನಿಪ್ಪಟ್ಟು, ಕೆಲವು ಮನೆಗಳ ಚಟ್ನಿಪುಡಿ. ದೇವಸ್ಥಾನದ ಪ್ರಸಾದ. ಗಾಣದ ಎಳ್ಳೆಣ್ಣೆಯಲ್ಲೂ ಪ್ರೋಟೀನು ಉಳಿದಿರುತ್ತದೆ. ವನಸ್ಪತಿಗೆ ಶೇ 5ರಷ್ಟು ಎಳ್ಳೆಣ್ಣೆ ಸೇರಿಸಬೇಕು ಅನ್ನುವ ಹಳೇ ನಿಯಮ ನಮ್ಮ ದೇಶದಲ್ಲಿದೆ. ಯಾರಾದರೂ ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿ ಅಂತ. ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ಕಮ್ಮಿ, ನಿಜ. ಆದರೂ ಬೇಕರಿಯಲ್ಲಿ ‘ಇದಕ್ಕೆ ಏನು ಹಾಕಿದ್ದೀರಿ ಅಣ್ಣ’ ಅಂತ ಕೇಳುವುದು ಅಭ್ಯಾಸವಾಗಿದೆ. ಅಯ್ಯಂಗಾರ್ ಬೇಕರಿಗಳ ಮೂಲ ಊರಲ್ಲಿದ್ದುಕೊಂಡು ಬೇಕರಿಗೆ ಹೋಗದೆ ಇರಲಾಗುತ್ತದಾ.

ಪೊಟ್ಟಣದ ತಿಂಡಿಯ ವಿಷಯ ಮಾತ್ರ ನನಗೆ ನಿಜವಾಗಿ ಬೇಜಾರು ತರಿಸಿತು. ನಮ್ಮ 2020ರ ಲೇಬಲ್ ನಿಯಮದಲ್ಲಿ ಅಲರ್ಜಿ ತರುವ ಪದಾರ್ಥಗಳನ್ನು ಬೇರೆಯಾಗಿ ಎದ್ದು ಕಾಣುವಂತೆ ಹೇಳಬೇಕು. ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡಲೆಕಾಯಿ ಮತ್ತು ಗೋಡಂಬಿಯಂಥವು, ಸೋಯಾ, ಸಲ್ಫೈಟ್. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಹೇಳಲೇಬೇಕು. ಎಳ್ಳನ್ನು ಹಬ್ಬ ಮಾಡಿಕೊಂಡು ತಿನ್ನುವ ನಾಡಿನಲ್ಲಿ ಅದು ಪಟ್ಟಿಗೆ ಬರಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ಸಣ್ಣಕ್ಷರದ ಸಾಮಗ್ರಿಗಳನ್ನು ಪೂರ್ತಿ ಓದುತ್ತೇನೆ.

ಮನೆಯಲ್ಲಿ, ಕಾರಿನಲ್ಲಿ ಅಲ್ಲ, ಬಿಸಿಲು ತಾಗದ ಕಡೆ ಒಂದು ಡಬ್ಬಿ ಇಟ್ಟಿದ್ದೇವೆ. ಹೊರಗೆ ಹೋಗುವಾಗ ಅದು ನಮ್ಮ ಜೊತೆ ಬರುತ್ತದೆ. ಒಳಗೆ ಅಡ್ರಿನಲಿನ್ ಆಂಪೂಲು, ಸಿರಿಂಜು, ಪುಟ್ಟಿಯ ತೂಕಕ್ಕೆ ಡಾಕ್ಟರಮ್ಮ ಬರೆದುಕೊಟ್ಟ ಅಳತೆ. ತೊಡೆಯ ಹೊರಭಾಗದ ಮಾಂಸಕ್ಕೆ ಕೊಡಬೇಕು, ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ನೀರು ತುಂಬಿದ ಸಿರಿಂಜಿನಲ್ಲಿ ದಿಂಬಿಗೆ ಚುಚ್ಚಿ ನಾನು, ಇವರು, ಅತ್ತೆ ಮೂವರೂ ಕಲಿತೆವು. ಅತ್ತೆಯ ಕೈ ನಮ್ಮಿಬ್ಬರಿಗಿಂತ ಸ್ಥಿರವಾಗಿತ್ತು.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಅಂತ ಬಂದವರು ಕೇಳುತ್ತಾರೆ. ಅಲರ್ಜಿ ಅನ್ನುವ ಪದ ಹುಟ್ಟಿದ್ದೇ 1906ರಲ್ಲಿ. ವಿಯೆನ್ನಾದ ಮಕ್ಕಳ ಡಾಕ್ಟರು ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟ ಹೆಸರು ಅದು. ಗಂಧೆ ಅನ್ನುವ ಮಾತು ನಮ್ಮಜ್ಜಿಯರ ಬಾಯಲ್ಲೂ ಇತ್ತು. ಎಷ್ಟು ಮಕ್ಕಳ ಗಂಧೆ ಸುಮ್ನೆ ಪಿತ್ತದ್ದು, ಎಷ್ಟು ಮಕ್ಕಳದ್ದು ಇಂಥದ್ದು ಅಂತ ಲೆಕ್ಕ ಇಟ್ಟವರು ಯಾರು?

ಚಮಚದ ತುದಿಯಷ್ಟು

ಎರಡು ವಾರದ ಮೇಲೆ ಒಂದು ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಕಡಲೆಕಾಯಿ ತಿನ್ನಿಸಿದೆವು. ಮಂಚದ ಪಕ್ಕ ಆಕ್ಸಿಜನ್, ಟ್ರೇಯಲ್ಲಿ ತೂಕಕ್ಕೆ ಸರಿಯಾಗಿ ಎಳೆದಿಟ್ಟ ಅಡ್ರಿನಲಿನ್. ಹುರಿದು ಅರೆದ ಕಡಲೆಕಾಯಿಯನ್ನು ಅತ್ತೆ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಅದಕ್ಕೆಂದೇ ಮಿಕ್ಸಿ ಜಾರನ್ನು ಮೂರು ಸಲ ಬಿಸಿನೀರಲ್ಲಿ ತೊಳೆದಿದ್ದರು. ಮೊದಲು ಚಮಚದ ತುದಿಯಷ್ಟು. ಇಪ್ಪತ್ತು ನಿಮಿಷ ಕಾದು, ಬಾಯಿ, ಕತ್ತು, ಹೊಟ್ಟೆ, ಉಸಿರು ನೋಡಿ, ಸ್ವಲ್ಪ ಜಾಸ್ತಿ. ಮತ್ತೆ ಕಾಯುವುದು. ಒಮ್ಮೆ ಅವಳು ಮುಂಗೈಯಿಂದ ಬಾಯಿ ಒರೆಸಿಕೊಂಡಳು. ನಾವು ಮೂವರೂ ಒಟ್ಟಿಗೆ ಎದ್ದು ನಿಂತೆವು. ನರ್ಸಮ್ಮ ಬಗ್ಗಿ ನೋಡಿ ‘ಅಂಟಿದೆ ಅಷ್ಟೇ’ ಅಂತ ಒದ್ದೆ ಬಟ್ಟೆಯಿಂದ ಒರೆಸಿದರು.

ಕೊನೆಯ ಅಳತೆ ಒಂದು ಚಮಚ. ಅದು ಮುಗಿದು ಎರಡು ಗಂಟೆ ಕಳೆದರೂ ಏನೂ ಆಗಲಿಲ್ಲ. ಇನ್ನು ಮೇಲೆ ಬಿಡಬೇಡಿ, ವಾರಕ್ಕೆ ಎರಡು ಮೂರು ಸಲ ಕೊಡುತ್ತಲೇ ಇರಿ ಅಂದರು. ಎಳ್ಳನ್ನು ವರ್ಷಕ್ಕೊಮ್ಮೆ ಮತ್ತೆ ನೋಡೋಣ. ಹಾಲು, ಮೊಟ್ಟೆ ಅಲರ್ಜಿ ಬಹುಪಾಲು ಮಕ್ಕಳಿಗೆ ಬೆಳೆಯುತ್ತಾ ಬಿಟ್ಟುಹೋಗುತ್ತದೆ, ಎಳ್ಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೂ ಕೆಲವರಿಗೆ ಬಿಡುತ್ತದೆ.

ಅತ್ತೆ ಹೊರಡುವ ಮುಂಚೆ ಡಾಕ್ಟರಮ್ಮನ ಹತ್ತಿರ ಒಂದು ಮಾತು ಕೇಳಿದರು. ‘ಹುಚ್ಚೆಳ್ಳು ಕೊಡಬಹುದಾ? ಪುಡಿ ಮುಂಚೆ ಅನ್ನಕ್ಕೆ ಕಲಸಿ ತಿನ್ನಿಸಿದ್ದೆ, ಏನೂ ಆಗಿರಲಿಲ್ಲ.’ ಪರೀಕ್ಷೆಯ ದಿನ ಅವರು ಅದನ್ನೂ ಒಂದು ಡಬ್ಬಿಯಲ್ಲಿ ತಂದಿದ್ದರು, ಚುಕ್ಕಿ ಊದಿರಲಿಲ್ಲ. ಹೆಸರಿನಲ್ಲಿ ಎಳ್ಳು ಇದ್ದರೂ ಅದು ಬೇರೆಯೇ ಗಿಡ, ಸೂರ್ಯಕಾಂತಿಯ ಕುಟುಂಬದ್ದು. ‘ಎಳ್ಳು ಬೆರೆಯದ ಹಾಗೆ ನೋಡಿಕೊಂಡು ಕೊಡಿ’ ಅಂದರು.

ಅಂಗಡಿಯಲ್ಲಿ ಎರಡನ್ನೂ ಒಂದೇ ಪಾವಿನಲ್ಲಿ ಅಳೆಯುತ್ತಾರೆ ಅಂತ ಅತ್ತೆ ಊರಿಂದಲೇ ಹುಚ್ಚೆಳ್ಳು ತರಿಸಿದರು. ಮೊರದಲ್ಲಿ ಹರಡಿ, ಕನ್ನಡಕ ಹಾಕಿಕೊಂಡು, ಒಂದು ಮಧ್ಯಾಹ್ನ ಪೂರ್ತಿ ಆರಿಸಿದರು. ಸಂಜೆ ಬಾಣಲೆಯಲ್ಲಿ ಹುರಿದು, ಕುಟ್ಟಾಣಿ ತೆಗೆದರು. ಸಂಕ್ರಾಂತಿಯಿಂದ ಅಟ್ಟದ ಮೇಲಿದ್ದ ಕುಟ್ಟಾಣಿ. ಹುಚ್ಚೆಳ್ಳು, ಕಡಲೆಕಾಯಿ, ಕೊಬ್ಬರಿ, ಬೆಲ್ಲ. ಬರುವ ಸಂಕ್ರಾಂತಿಗೆ ರುಚಿ ಹೊಂದುತ್ತಾ ಅಂತ ನೋಡಲಿಕ್ಕೆ. ಒಂದು ಉಂಡೆ ನನ್ನ ಕೈಗಿಟ್ಟರು. ಸ್ವಲ್ಪ ಕಹಿ, ಆದರೆ ಪರಿಮಳ ಇತ್ತು. ‘ಬೆಲ್ಲ ಇನ್ನೊಂದು ಚೂರು ಬೇಕು ಅತ್ತೆ’ ಅಂದೆ. ಪುಟ್ಟಿ ಅವರ ಸೆರಗು ಎಳೆಯುತ್ತಾ ‘ತಾ, ತಾ’ ಅನ್ನುತ್ತಿದ್ದಳು. ಅತ್ತೆ ನನ್ನ ಮುಖ ನೋಡಿದರು. ಕೊಡಿ ಅಂದೆ.